ಬೊಂಬೆಯಕ್ಕನ ಅಳತೆ

ಬಟ್ಟೆ ಅಂಗಡಿಯ ಕಾಗದಪತ್ರಗಳಲ್ಲಿ ಅವಳ ಹುದ್ದೆಗೆ ಏನೋ ದೊಡ್ಡ ಹೆಸರಿತ್ತು. ಅದು ಯಾರಿಗೂ ನೆನಪಿರಲಿಲ್ಲ, ಅವಳಿಗೂ ಇರಲಿಲ್ಲ. ಗಾಜಿನ ಹಿಂದೆ ನಿಲ್ಲುವ ಬೊಂಬೆಗಳಿಗೆ ಬಟ್ಟೆ ತೊಡಿಸುವವಳಾದ್ದರಿಂದ ಅವಳು ಬೊಂಬೆಯಕ್ಕ. ಮ್ಯಾನೇಜರಿನಿಂದ ಹಿಡಿದು ಬಾಗಿಲು ಕಾಯುವವನವರೆಗೆ ಎಲ್ಲರೂ ಹಾಗೇ ಕರೆಯುತ್ತಿದ್ದರು. ಇಪ್ಪತ್ತಾರನೇ ವಯಸ್ಸಿಗೆ ಕೆಲಸಕ್ಕೆ ಸೇರಿದವಳು ಐವತ್ತೊಂದು ತುಂಬಿದಾಗಲೂ ಅದೇ ಗಾಜಿನ ಹಿಂದೆ, ಬಾಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡು, ಮಂಡಿಯೂರಿ ಕೂತಿರುತ್ತಿದ್ದಳು.

ನೋಡುವವರಿಗೆ ಅದು ಮಕ್ಕಳಾಟ. ಮಾಡುವವರಿಗೆ ಗೊತ್ತು ಅದರ ಕಷ್ಟ. ಪ್ಯಾಂಟು ಹಾಕಬೇಕಾದರೆ ಬೊಂಬೆಯನ್ನು ತಲೆಕೆಳಗು ಮಾಡಬೇಕು. ಅಂಗಿ ಹಾಕಬೇಕಾದರೆ ಎರಡೂ ಕೈಗಳನ್ನು ಕಳಚಿ, ತೋಳಿನೊಳಗೆ ಒಂದೊಂದಾಗಿ ತೂರಿಸಿ, ಮತ್ತೆ ಭುಜಕ್ಕೆ ತಿರುಚಿ ಕೂರಿಸಬೇಕು. ಎಲ್ಲ ಬೊಂಬೆಗಳಿಗೂ ಕಡ್ಡಿಯಂಥ ಸೊಂಟ, ಆದ್ದರಿಂದ ಸಡಿಲವಾದ ಬಟ್ಟೆಯನ್ನೆಲ್ಲ ಬೆನ್ನ ಹಿಂದೆ ಮಡಚಿ ಸಾಲಾಗಿ ಕ್ಲಿಪ್ಪು ಹಾಕಬೇಕು. ಮುಂದಿನಿಂದ ನೋಡಿದರೆ ಮಹಾರಾಣಿ, ಹಿಂದಿನಿಂದ ನೋಡಿದರೆ ಬಟ್ಟೆ ಒಣಗಿಸುವ ತಂತಿ. ಈ ವಿದ್ಯೆಯಲ್ಲಿ ಬೊಂಬೆಯಕ್ಕನನ್ನು ಮೀರಿಸುವವರು ಆ ಬೀದಿಯಲ್ಲಿ ಇರಲಿಲ್ಲ. ಒಂದು ಕಾಲರನ್ನು ಅರ್ಧ ಬೆರಳಷ್ಟು ಮೇಲೆತ್ತಿ, ಒಂದು ತೋಳನ್ನು ಎರಡು ಮಡಿಕೆ ಮಡಚಿ, ಸಪ್ಪೆ ಬಟ್ಟೆಗೂ ಜೀವ ಬರಿಸುತ್ತಿದ್ದಳು. ಎದುರು ಅಂಗಡಿಯವರು ಮಂಗಳವಾರ ಬಂದು ನೋಡಿ, ಬುಧವಾರ ಅದನ್ನೇ ಕದ್ದು ಮಾಡುತ್ತಿದ್ದರು.

ಆದರೆ ದೀಪದ ಬುಡದಲ್ಲೇ ಕತ್ತಲು ಅನ್ನುತ್ತಾರಲ್ಲ, ಅವಳ ಮೈಮೇಲಿನ ಬಟ್ಟೆಯ ಕಥೆಯೂ ಅದೇ. ಎರಡನೇ ಹೆರಿಗೆಯಾದ ಮೇಲೆ ಒಂದು ದೊಗಲೆ ನಿಲುವಂಗಿ ಹಾಕಿಕೊಂಡವಳು, ಆ ಮಗು ಓದು ಮುಗಿಸಿ ಕೆಲಸಕ್ಕೆ ಸೇರಿದರೂ ಅದರಿಂದ ಹೊರಗೆ ಬಂದಿರಲಿಲ್ಲ. ನಿಲುವಂಗಿಗಳು ಹರಿದು ಬದಲಾಗುತ್ತಿದ್ದವು, ದೊಗಲೆತನ ಮಾತ್ರ ಬದಲಾಗಲಿಲ್ಲ. ಮೇಲೊಂದು ಬೂದು ಸ್ವೆಟರ್. ಕಾಲಿಗೆ ಅಗಲ ಮೂತಿಯ ಚಪ್ಪಲಿ.

ಅಷ್ಟರಲ್ಲಿ ಬೇರೆ ಊರಿನಲ್ಲಿದ್ದ ಅವಳ ಅಕ್ಕ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದಳು. ಅಕ್ಕನಿಗೆ ಅರವತ್ತೆರಡು. ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ವ್ಯಾಯಾಮ ಕಲಿಸಿ ನಿವೃತ್ತಳಾದವಳು. ಬೆನ್ನು ಇನ್ನೂ ಕಂಬದ ಹಾಗೆ ನೆಟ್ಟಗೆ, ನಾಲಿಗೆ ಅದಕ್ಕಿಂತ ನೆಟ್ಟಗೆ. ಬಸ್ಸಿಳಿದವಳು ಸೀದಾ ಅಂಗಡಿಗೆ ಬಂದು, ಹೊರಗಿನಿಂದಲೇ ಗಾಜಿನ ಕಡೆ ಸುಮಾರು ಹೊತ್ತು ಕಣ್ಣು ಕಿರಿದು ಮಾಡಿ ನೋಡಿ, ಆಮೇಲೆ ಒಳಗೆ ಕಾಲಿಟ್ಟು, ಎದುರು ಬಂದ ತಂಗಿಗೆ ಹೇಳಿದಳು:

"ಚೆನ್ನಾಗಿ ಮಾಡಿದೀಯ ಕಣೇ. ಮೂರು ಬೊಂಬೆ ಕಣ್ಣಿಗೆ ಹಬ್ಬ. ಆ ನಾಲ್ಕನೇದಕ್ಕೆ ಮಾತ್ರ ಯಾಕೆ ಇನ್ನೂ ಮುಸುಕು ತೆಗೆದಿಲ್ಲ?"

ಬೊಂಬೆಯಕ್ಕ ತಿರುಗಿ ನೋಡಿದಳು. ಗಾಜಿನ ಹಿಂದೆ ಇದ್ದದ್ದು ಮೂರೇ ಬೊಂಬೆ. ಈಗಷ್ಟೇ ನಾಲ್ಕನೆಯದಾಗಿ ಅಲ್ಲಿ ಬೀದಿಗೆ ಬೆನ್ನು ಹಾಕಿ ನಿಂತು ಪಿನ್ನು ಚುಚ್ಚುತ್ತಿದ್ದವಳು ಅವಳೇ.

ಬಿಲ್ಲು ಬರೆಯುವವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೊಂಬೆಯಕ್ಕನೂ ನಕ್ಕಳು. ಅಕ್ಕನಿಗೆ ತಾನು ಹೇಳಿದ್ದು ಏನೆಂದು ತಿಳಿದಾಗ ಅವಳೂ ನಕ್ಕಳು, ಆದರೆ ಮಾತನ್ನು ವಾಪಸು ತೆಗೆದುಕೊಳ್ಳಲಿಲ್ಲ. "ನನ್ನ ಕಣ್ಣಿಗೆ ಪೊರೆ ಬಂದಿದೆ, ನಿಜ. ನಿನಗೇನು ಬಂದಿದೆ?" ಅಂದಳು.

ಭಾನುವಾರ ಬೊಂಬೆಯಕ್ಕ ಬೀರು ತೆಗೆದು, ಇದ್ದಬದ್ದ ಬಟ್ಟೆಯನ್ನೆಲ್ಲ ಮಂಚದ ಮೇಲೆ ಹರಡಿದಳು. ಏಳು ನಿಲುವಂಗಿಗಳು, ಏಳೂ ಒದ್ದೆ ಮಣ್ಣಿನ ಬಣ್ಣ. ಇದನ್ನು ಯಾಕೆ ತಗೊಂಡೆ ಎಂದು ಒಂದೊಂದನ್ನೇ ಎತ್ತಿ ನೆನಪು ಮಾಡಿಕೊಂಡಳು. ಒಂದು, ಕೊಳೆ ಕಾಣಿಸುವುದಿಲ್ಲ ಎಂದು. ಇನ್ನೊಂದು, ಹೊಟ್ಟೆ ಕಾಣಿಸುವುದಿಲ್ಲ ಎಂದು. ಮತ್ತೊಂದು, ಸುಕ್ಕು ಕಾಣಿಸುವುದಿಲ್ಲ ಎಂದು. ಏನಾದರೂ ಕಾಣಿಸಲಿ ಎಂದು ಕೊಂಡದ್ದು ಅಲ್ಲಿ ಒಂದೂ ಇರಲಿಲ್ಲ.

ಗಂಡ ಪಕ್ಕದ ಕೋಣೆಯಲ್ಲಿ ಹಳೆಯ ನಲ್ಲಿಯೊಂದನ್ನು ಬಿಚ್ಚಿ ಕೂತಿದ್ದ. ಊರೆಲ್ಲ ಸೋರುವ ನಲ್ಲಿ ರಿಪೇರಿ ಮಾಡುವುದೇ ಅವನ ಕೆಲಸ.

"ರೀ, ನಾನು ಹೇಗೆ ಕಾಣ್ತೀನಿ?"

"ಹೇಗೆ ಅಂದ್ರೆ? ಇದ್ದೀಯಲ್ಲ."

"ಇದ್ದೀನಿ ಅನ್ನೋದು ನನಗೂ ಗೊತ್ತು. ನೋಡೋಕೆ ಹೇಗಿದೀನಿ?"

ಅವನು ಸ್ಪ್ಯಾನರ್ ಕೆಳಗಿಟ್ಟು, ತಪ್ಪು ಉತ್ತರ ಕೊಟ್ಟರೆ ಊಟಕ್ಕೆ ಕಲ್ಲು ಬೀಳುತ್ತದೆ ಅನ್ನುವ ಭಯದಿಂದ ಅಳೆದೂ ಸುರಿದೂ ಹೇಳಿದ: "ಸೋರಿಕೆ ಗೀರಿಕೆ ಏನೂ ಇಲ್ಲ. ಗಟ್ಟಿಮುಟ್ಟಾಗಿದೀಯ."

ಇವನನ್ನು ಕೇಳಿ ಪ್ರಯೋಜನವಿಲ್ಲ ಎಂದುಕೊಂಡು ಅವಳು ಮಾರನೆಯ ದಿನವೇ ತನ್ನ ಅಂಗಡಿಯಿಂದಲೇ ಒಂದು ಜಾಕೆಟ್ ಕೊಂಡಳು. ಮಧ್ಯದ ಬೊಂಬೆಯ ಮೇಲಿದ್ದದ್ದೇ, ನಿಂಬೆಹಣ್ಣಿನ ಹಳದಿ, ತೋಳಿಗೆ ನೆರಿಗೆ, ಸೊಂಟಕ್ಕೆ ಬಿಗಿಯಾದ ಪಟ್ಟಿ. ಬೊಂಬೆಗೆ ಅಷ್ಟು ಒಪ್ಪಿದ್ದು ತನಗೂ ಒಪ್ಪಲೇಬೇಕು ಅನ್ನುವ ಲೆಕ್ಕ. ಉಸಿರು ಬಿಗಿಹಿಡಿದು ಗುಂಡಿ ಹಾಕಿಕೊಂಡು ಅಕ್ಕನ ಮುಂದೆ ನಿಂತಳು. ಅಕ್ಕನ ಕಣ್ಣಿನ ಪಟ್ಟಿ ಬಿಚ್ಚಿ ಎರಡು ದಿನವಾಗಿತ್ತು, ಲೋಕವೆಲ್ಲ ಅವಳಿಗೆ ಹೊಸದಾಗಿ ತೊಳೆದಿಟ್ಟ ಹಾಗೆ ಕಾಣುತ್ತಿತ್ತು.

"ಅಯ್ಯೋ ನನ್ನ ಕರ್ಮವೇ! ಇದನ್ನ ನೋಡೋಕಾ ನಾನು ಕಣ್ಣು ಮಾಡಿಸಿಕೊಂಡಿದ್ದು? ಮುಸುಕು ತೆಗಿ ಅಂದ್ನೇ ಹೊರತು ಹದಿನೆಂಟು ವರ್ಷದವಳಾಗು ಅನ್ನಲಿಲ್ಲ."

ಬೊಂಬೆಯಕ್ಕ ಹಟಮಾರಿ, ಮರುದಿನ ಅದನ್ನೇ ಹಾಕಿಕೊಂಡು ಕೆಲಸಕ್ಕೆ ಹೋದಳು. ಹನ್ನೊಂದು ಗಂಟೆಗೆ ಮೇಲಿನ ಕೊಕ್ಕೆಗೆ ದಾರ ಕಟ್ಟಲು ಎರಡೂ ಕೈ ಎತ್ತಿದಳು. ಬೆನ್ನ ಹೊಲಿಗೆ ಕುತ್ತಿಗೆಯಿಂದ ಸೊಂಟದವರೆಗೆ ಪರ್ ಎಂದು ಬಿಟ್ಟುಕೊಂಡಿತು. ಬೆನ್ನ ಹಿಂದೆ ಗಾಜು, ಗಾಜಿನಾಚೆ ಇಡೀ ಬೀದಿ. ಹಾಲಿನ ವ್ಯಾನಿನವನು ಹಾರ್ನ್ ಮಾಡಿ ಹೋದ.

ಬೆನ್ನನ್ನು ಗೋಡೆಗೆ ಉಜ್ಜಿಕೊಂಡೇ ಅವಳು ಹಿಂದಿನ ಕೋಣೆಗೆ ಬಂದಳು. ಅಲ್ಲಿ ಇದ್ದವನು ದರ್ಜಿಯಣ್ಣ, ಗಿರಾಕಿಗಳು ಕೊಂಡ ಬಟ್ಟೆಯನ್ನು ಅವರವರ ಮೈಗೆ ತಕ್ಕ ಹಾಗೆ ಚಿಕ್ಕದು ದೊಡ್ಡದು ಮಾಡಿಕೊಡುವ ಹಿರಿಯ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವನು ಹರಿದದ್ದನ್ನು ನೋಡಿ ನಗಲಿಲ್ಲ. ಅದೇ ಅವಳಿಗೆ ದೊಡ್ಡ ಉಪಕಾರ ಅನ್ನಿಸಿತು.

"ತಂಗೀ, ಇಪ್ಪತ್ತೈದು ವರ್ಷದಿಂದ ಬಟ್ಟೆಗೆ ಕ್ಲಿಪ್ಪು ಹಾಕ್ತಾ ಇದ್ದೀಯ. ನಿನ್ನ ಮೈ ಅಳತೆ ತಗೊಂಡು ಎಷ್ಟು ದಿನ ಆಯ್ತು?"

ಅವಳಿಗೆ ನೆನಪಾಗಲಿಲ್ಲ. ಮದುವೆಗೆ ಮುಂಚೆ ಇರಬೇಕು.

ಅವನು ಕುತ್ತಿಗೆಯಲ್ಲಿದ್ದ ಟೇಪನ್ನು ತೆಗೆದು, "ನೆಟ್ಟಗೆ ನಿಂತ್ಕೋ. ಹೊಟ್ಟೆ ಎಳ್ಕೋಬೇಡ, ಸುಳ್ಳು ಅಳತೆಗೆ ಸುಳ್ಳು ಬಟ್ಟೇನೇ ಆಗೋದು," ಅಂದ. ಭುಜ, ಎದೆ, ಸೊಂಟ, ತೋಳು, ಎಲ್ಲವನ್ನೂ ಸೀಮೆಸುಣ್ಣದಿಂದ ಮೇಜಿನ ಮೇಲೆ ಬರೆದ. ಆಗ ಗೊತ್ತಾದ ಸಂಗತಿ ಕೇಳಿ ಅವಳೇ ಬೆರಗಾದಳು. ಅವಳ ನಿಲುವಂಗಿಗಳೆಲ್ಲ ಅವಳಿಗಿಂತ ಎರಡು ಅಳತೆ ದೊಡ್ಡವು, ಹಳದಿ ಜಾಕೆಟ್ ಎರಡು ಅಳತೆ ಚಿಕ್ಕದು. ತನ್ನ ಅಳತೆಯ ಬಟ್ಟೆಯೊಳಗೆ ಅವಳು ಇಷ್ಟು ವರ್ಷ ಕಾಲಿಟ್ಟೇ ಇರಲಿಲ್ಲ.

"ಭುಜ ಸರಿಯಾಗಿ ಕೂತರೆ ಮಿಕ್ಕಿದ್ದು ತಾನಾಗೇ ಕೂರುತ್ತೆ," ಎಂದು ದರ್ಜಿಯಣ್ಣ ಅಂದಿನ ಹತ್ತು ಮಾತಿನ ಲೆಕ್ಕ ಮೀರಿ ಹೇಳಿದ. "ನಾಳೆ ಆ ಮಣ್ಣಿನ ಬಣ್ಣದ್ದು ಒಂದು ತಗೊಂಡು ಬಾ."

ಅವಳು ಏಳನ್ನೂ ಹೊತ್ತು ತಂದಳು. ನಾಲ್ಕನ್ನು ಅವನು ಒರೆಸುವ ಬಟ್ಟೆಗೆ ಎಂದು ಪಕ್ಕಕ್ಕೆ ಎಸೆದ. ಉಳಿದ ಮೂರರ ಭುಜ ಬಿಚ್ಚಿ ಒಳಕ್ಕೆ ತಂದ, ತೋಳನ್ನು ಮೊಣಕೈ ಕೆಳಗೆ ನಾಲ್ಕು ಬೆರಳಿಗೆ ನಿಲ್ಲಿಸಿದ, ಅಂಚನ್ನು ಮೀನಖಂಡದ ಮೇಲೆ ಎತ್ತಿದ. ಬಟ್ಟೆ ಅದೇ, ಬಣ್ಣ ಅದೇ. ಆದರೆ ಕನ್ನಡಿಯಲ್ಲಿ ಬೊಂಬೆಯಕ್ಕನಿಗೆ ತನ್ನ ಮಣಿಕಟ್ಟುಗಳು ಕಂಡವು, ಕುತ್ತಿಗೆ ಕಂಡಿತು, ನಡುವೊಂದು ಇರುವುದೂ ಕಂಡಿತು. "ಓ, ಇಲ್ಲಿದ್ದೀಯಾ?" ಎಂದು ತನಗೆ ತಾನೇ ಹೇಳಿಕೊಂಡಳು.

ಆಮೇಲಿನದು ಒಂದೇ ದಿನಕ್ಕೆ ಆಗಲಿಲ್ಲ. ತಿಂಗಳಿಗೊಂದು ಬದಲಾವಣೆ. ಬೂದು ಸ್ವೆಟರ್ ಹೋಗಿ ಗಿಳಿಹಸಿರಿನ ಸರಳ ಜಾಕೆಟ್ ಬಂತು. ಆ ಬಣ್ಣ ಅವಳ ಮುಖಕ್ಕೆ ದೀಪ ಹಿಡಿದ ಹಾಗೆ ಇತ್ತು. ಪಾದ ಮುಚ್ಚುವ ಅಚ್ಚುಕಟ್ಟಾದ ಷೂ ಬಂತು. ತಲೆಗೆ ಬಣ್ಣ ಬಳಿಯುವುದನ್ನು ಬಿಟ್ಟು, ಕೂದಲನ್ನು ಕಿವಿಯ ಕೆಳಗೆ ಕತ್ತರಿಸಿಕೊಂಡಳು. ತಪ್ಪುಗಳೂ ಆದವು. ಉದ್ದನೆಯ ಮಣಿಸರವೊಂದು ಬೊಂಬೆಯ ಬೆರಳಿಗೆ ಸಿಕ್ಕಿ ಹರಿದು, ಅರ್ಧ ದಿನ ಮಣಿ ಹೆಕ್ಕಿದ್ದಾಯಿತು. ನೇರಳೆ ಪ್ಯಾಂಟನ್ನು ನೋಡಿ ಅಕ್ಕ, "ಮೂಗಿಗಿಂತ ಮೂಗುತಿ ಭಾರ," ಅಂದಳು; ಅದು ಬೀರುವಿನೊಳಗೆ ಹೋಯಿತು. ಎರಡನೇ ಕಣ್ಣಿನ ಪೊರೆಯನ್ನೂ ತೆಗೆಸಿಕೊಂಡು ಊರಿಗೆ ವಾಪಸು ಹೊರಡುವ ದಿನ ಮಾತ್ರ ಅಕ್ಕ ಬಸ್ಸಿನ ಕಿಟಕಿಯಿಂದ ತಂಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಏನೂ ತಪ್ಪು ಸಿಗದೆ, "ಬೆನ್ನು ನೆಟ್ಟಗಿಟ್ಕೋ" ಎಂದಷ್ಟೇ ಹೇಳಿದಳು.

ಇಷ್ಟಕ್ಕೇ ಮುಗಿದಿದ್ದರೆ ಅದು ಒಬ್ಬ ಹೆಂಗಸು ಬಟ್ಟೆ ಬದಲಿಸಿದ ಕಥೆ. ಬೊಂಬೆಯಕ್ಕ ಅಲ್ಲಿಗೆ ನಿಲ್ಲಿಸುವವಳಲ್ಲ. ಒಂದು ಮಧ್ಯಾಹ್ನ ಬಟ್ಟೆ ಹಾಕಿ ನೋಡುವ ಕೋಣೆಗಳ ಮುಂದೆ ಹಾದುಹೋಗುವಾಗ ಒಳಗೆ ಯಾರೋ ಮೂಗು ಒರೆಸಿಕೊಳ್ಳುವ ಸದ್ದು ಕೇಳಿಸಿತು. ತನ್ನದೇ ವಯಸ್ಸಿನ ಗಿರಾಕಿಯೊಬ್ಬಳು ಹೊರಗೆ ಬಂದು, ತೆಗೆದುಕೊಂಡು ಹೋಗಿದ್ದ ಐದು ಬಟ್ಟೆಗಳನ್ನೂ ಮಡಚದೆ ಮೇಜಿನ ಮೇಲಿಟ್ಟು, "ಗಾಜಿನಲ್ಲಿ ಚೆನ್ನಾಗಿತ್ತು," ಎಂದು ಯಾರಿಗೋ ತಪ್ಪೊಪ್ಪಿಕೊಂಡ ಹಾಗೆ ಹೇಳಿ ಹೊರಟುಹೋದಳು. ಗಾಜಿನಲ್ಲಿ ಚೆನ್ನಾಗಿ ಕಾಣುವಂತೆ ಮಾಡಿದ್ದು ತನ್ನ ಕ್ಲಿಪ್ಪುಗಳು. ಬೊಂಬೆಯಕ್ಕನಿಗೆ ಆ ದಿನ ಊಟ ಸೇರಲಿಲ್ಲ.

ಉಗ್ರಾಣದಲ್ಲಿ ಕಿವಿ ಮುರಿದ ಹಳೆಯ ಬೊಂಬೆಯೊಂದು ಮೂಲೆ ಸೇರಿತ್ತು. ಅದನ್ನು ಹೊರಗೆ ಎಳೆದು, ಸೊಂಟಕ್ಕೆ, ಹೊಟ್ಟೆಗೆ, ತೋಳಿನ ಮೇಲ್ಭಾಗಕ್ಕೆ ಹಳೆಯ ದಿಂಬಿನ ಹತ್ತಿ ಇಟ್ಟು, ಬ್ಯಾಂಡೇಜು ಬಟ್ಟೆ ಬಿಗಿಯಾಗಿ ಸುತ್ತಿದಳು. ದರ್ಜಿಯಣ್ಣ ಪದೇ ಪದೇ ಟೇಪು ಹಿಡಿದು, "ಇನ್ನೊಂದು ಬೆರಳು ಹಾಕು" ಎನ್ನುತ್ತಿದ್ದ. ಸಂಜೆಗೆ ಐವತ್ತು ದಾಟಿದ ಹೆಂಗಸಿನ ಮೈಕಟ್ಟಿನ ಬೊಂಬೆ ತಯಾರಾಯಿತು. ಅದಕ್ಕೆ ಕಡುನೀಲಿ ಜಾಕೆಟ್, ಬಿಳಿ ಅಂಗಿ, ನೇರ ಇಳಿಯುವ ಪ್ಯಾಂಟು ಹಾಕಿ ಮುಖ್ಯ ಗಾಜಿನ ಹಿಂದೆ ನಿಲ್ಲಿಸಿದಳು. ಬೆನ್ನಿಗೆ ಒಂದು ಕ್ಲಿಪ್ಪೂ ಇರಲಿಲ್ಲ.

ಮ್ಯಾನೇಜರ್ ಓಡಿಬಂದ. "ಏನಕ್ಕ ಇದು? ಬೊಂಬೆ ನೋಡಿದ್ರೆ ಜನಕ್ಕೆ ಆಸೆ ಹುಟ್ಟಬೇಕು. ಇದನ್ನ ನೋಡಿದ್ರೆ ನಮ್ಮತ್ತೆ ನೆನಪಾಗ್ತಾರೆ."

"ನಿಮ್ಮತ್ತೆ ಬಟ್ಟೆ ಹಾಕೋದಿಲ್ವಾ ಸಾರ್?"

ಅವನು ಬೊಂಬೆಯ ಸುತ್ತ ಎರಡು ಸುತ್ತು ಬಂದ. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದ: ಮುಖ್ಯ ಗಾಜಿನಲ್ಲಿ ಬೇಡ, ಬಸ್ ಸ್ಟಾಪಿನ ಕಡೆ ಇರುವ ಪಕ್ಕದ ಸಣ್ಣ ಗಾಜಿನಲ್ಲಿ ಇಟ್ಟುಕೊಳ್ಳಲಿ, ಅದೂ ಒಂದು ತಿಂಗಳು.

ಅವನು ಶಿಕ್ಷೆ ಎಂದು ಕೊಟ್ಟದ್ದೇ ವರವಾಯಿತು. ಮುಖ್ಯ ಬೀದಿಯಲ್ಲಿ ಜನ ನಡೆಯುತ್ತಲೇ ಗಾಜು ನೋಡುತ್ತಾರೆ. ಬಸ್ ಸ್ಟಾಪಿನಲ್ಲಿ ಕೆಲಸಕ್ಕೆ ಹೋಗುವ ಹೆಂಗಸರು ಹದಿನೈದು ನಿಮಿಷ ನಿಂತೇ ಇರುತ್ತಾರೆ, ನೋಡಲು ಎದುರಿಗೆ ಬೇರೇನೂ ಇಲ್ಲ. ಮೊದಲ ವಾರ ಯಾರೂ ಒಳಗೆ ಬರಲಿಲ್ಲ. ಮ್ಯಾನೇಜರ್ ದಿನಾ ಒಂದು ಸಲ ಆ ಕಡೆ ಹೋಗಿ ಕೆಮ್ಮಿ ಬರುತ್ತಿದ್ದ. ಎರಡನೇ ವಾರ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬಾಕೆ, ಕೈಯಲ್ಲಿ ಊಟದ ಡಬ್ಬಿಯ ಚೀಲ ಹಿಡಿದೇ, ಬಸ್ಸು ಬಂದು ಹೋದರೂ ಹತ್ತದೆ ಒಳಗೆ ಬಂದಳು.

"ಆ ನೀಲಿ ಜಾಕೆಟ್ ಹಾಕಿರೋ ಬೊಂಬೆ ಇದೆಯಲ್ಲ, ಅದರ ಅಳತೆ ಎಷ್ಟು?"

"ನನ್ನದೇ," ಅಂದಳು ಬೊಂಬೆಯಕ್ಕ.

ಆಕೆ ಬೊಂಬೆಯಕ್ಕನನ್ನು ಮೇಲಿಂದ ಕೆಳಗೆ ನೋಡಿದಳು, ಗಾಜಿನ ಕಡೆ ನೋಡಿದಳು, ಮತ್ತೆ ಇವಳನ್ನು ನೋಡಿದಳು. ಡಬ್ಬಿಯ ಚೀಲ ಕೆಳಗಿಟ್ಟು, "ಹಾಗಾದ್ರೆ ಅದನ್ನೇ ಕೊಡಿ," ಅಂದಳು. ಬೊಂಬೆಯಕ್ಕ ಕೊಡಲಿಲ್ಲ. ಮೊದಲು ದರ್ಜಿಯಣ್ಣನ ಕೋಣೆಗೆ ಕರೆದುಕೊಂಡು ಹೋಗಿ ಅಳತೆ ಹಿಡಿಸಿದಳು. ನೀಲಿ ಆಕೆಯ ಮುಖಕ್ಕೆ ಒಪ್ಪುವುದಿಲ್ಲವೆಂದು ಮುಲಾಜಿಲ್ಲದೆ ಹೇಳಿ, ದಾಳಿಂಬೆ ಕೆಂಪಿನದು ತೆಗೆದಳು. ಮರುದಿನ ಆಕೆ ಅದೇ ಬ್ಯಾಂಕಿನ ಇನ್ನಿಬ್ಬರನ್ನು ಕರೆತಂದಳು.

ತಿಂಗಳು ಮುಗಿದಾಗ ಮ್ಯಾನೇಜರ್ ಆ ಬೊಂಬೆಯ ಸುದ್ದಿ ಎತ್ತಲಿಲ್ಲ. ಅಂಗಡಿಯೇನೂ ಅದರಿಂದ ಅರಮನೆ ಆಗಲಿಲ್ಲ, ಮುಖ್ಯ ಗಾಜಿನಲ್ಲಿ ಕಡ್ಡಿ ಸೊಂಟದವೇ ಇವತ್ತಿಗೂ ನಿಂತಿವೆ. ಆದರೆ ನಲವತ್ತೈದು ದಾಟಿದವರು ಈಗ ಪಕ್ಕದ ಬಾಗಿಲಿನಿಂದ ಬಂದು ಬೊಂಬೆಯಕ್ಕ ಎಲ್ಲಿ ಎಂದು ಕೇಳುತ್ತಾರೆ. ಅವಳು ಯಾರಿಗೂ ಸುಳ್ಳು ಹೇಳುವುದಿಲ್ಲ. "ಇದು ನಿಮಗಲ್ಲ, ನಿಮ್ಮ ಮಗಳಿಗೆ," ಎಂದು ಬಟ್ಟೆಯನ್ನು ಕೈಯಿಂದ ಕಿತ್ತುಕೊಂಡದ್ದೂ ಉಂಟು. ಬೇಸರ ಮಾಡಿಕೊಂಡು ಹೋದವರೂ ಮುಂದಿನ ತಿಂಗಳು ಅವಳ ಹತ್ತಿರವೇ ಬರುತ್ತಾರೆ.

ಕಳೆದ ಭಾನುವಾರ ಅವಳು ಹೊರಗೆ ಹೋಗಲು ಸಿದ್ಧಳಾಗಿ ಬಾಗಿಲಲ್ಲಿ ನಿಂತಿದ್ದಾಗ, ಗಂಡ ತನ್ನ ಎರಡು ಪ್ಯಾಂಟುಗಳನ್ನು ತೋಳಿನ ಮೇಲೆ ಹಾಕಿಕೊಂಡು ಬಂದ.

"ನಿಮ್ಮ ದರ್ಜಿಯಣ್ಣ ಗಂಡಸರದ್ದೂ ಮಾಡ್ತಾರಾ?"

"ಯಾಕ್ರೀ, ಏನಾಯ್ತು?"

"ಮೊನ್ನೆ ಇಬ್ಬರೂ ಮಾರ್ಕೆಟ್ಟಿಗೆ ಹೋದಾಗ ಆ ತರಕಾರಿಯವನು ನಿನ್ನ ಕೈಗೆ ಚಿಲ್ಲರೆ ಕೊಟ್ಟು, ನನ್ನ ಕಡೆ ನೋಡಿ, 'ಚೀಲ ನಿಮ್ಮ ಕೆಲಸದವರ ಕೈಗೆ ಕೊಡ್ಲಾ ಮೇಡಂ?' ಅಂದ. ನೀನು ಕೇಳಿಸಿಕೊಳ್ಳಲಿಲ್ಲ."

ಬೊಂಬೆಯಕ್ಕ ಕೇಳಿಸಿಕೊಂಡಿದ್ದಳು. ಚೀಲದಿಂದ ಟೇಪು ತೆಗೆದು ಅವನನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿದಳು. ಅವನು ಕೂಡಲೇ ಹೊಟ್ಟೆ ಒಳಗೆಳೆದು, ಎದೆಯುಬ್ಬಿಸಿ ನಿಂತ. ಅವಳು ಟೇಪು ಸುತ್ತಿ ಹಿಡಿದುಕೊಂಡು ಸುಮ್ಮನೆ ಕಾದಳು. ಅರ್ಧ ನಿಮಿಷಕ್ಕೆ ಅವನ ಮುಖ ಕೆಂಪಾಗಿ, ಉಸಿರು ಬುಸ್ ಎಂದು ಹೊರಗೆ ಬಂತು. ಟೇಪು ಅವಳ ಬೆರಳುಗಳ ನಡುವೆ ಮೂರು ಅಂಗುಲ ಸರಿಯಿತು. ಅವಳು ಆ ಅಂಕಿಯನ್ನು ಚೀಟಿಯ ಮೇಲೆ ಬರೆದುಕೊಂಡು, "ತಿರುಗಿ, ಬೆನ್ನು ಅಳೀತೀನಿ," ಅಂದಳು.