ಪೆಟ್ಟಿಗೆಯಲ್ಲೇ ಉಳಿದ ರುಮಾಲು

ಅಮೆರಿಕದ ರಾಕ್‌ವಿಲ್ಲಿನಲ್ಲಿ ಎಲ್ಲರೂ ನನ್ನ ಕ್ಷೇಮ ವಿಚಾರಿಸುತ್ತಿದ್ದರು. ಉತ್ತರಕ್ಕೆ ಯಾರೂ ನಿಲ್ಲುತ್ತಿರಲಿಲ್ಲ. ಬಂದ ಮೊದಲ ವಾರ, ಹೇಗಿದ್ದೀರಿ ಎಂದ ಅಂಗಡಿಯ ಹುಡುಗಿಗೆ ನನ್ನ ಮೊಣಕಾಲ ನೋವನ್ನು ವಿವರಿಸತೊಡಗಿದೆ. ಹಿಂದೆ ಸಾಲು ಬೆಳೆಯಿತು. ಮಗಳು ಸುಧಾ ತೋಳು ಹಿಡಿದು, "ಅಪ್ಪ, ಸುಮ್ನೆ ಫೈನ್ ಅಂದ್ಬಿಡಿ. ಅವಳು ನಿಜವಾಗ್ಲೂ ಕೇಳ್ತಾ ಇಲ್ಲ" ಎಂದಳು.

ಹೀಗೆ ಕಲಿತ ಪಾಠವನ್ನು ಮೀರ್ ಸಾಹೇಬರಿಗೂ ಒಪ್ಪಿಸಿದೆ. ಅವರು ಬಲೂಚಿಸ್ತಾನದ ವೃದ್ಧರು, ನಮ್ಮ ಕಟ್ಟಡದಲ್ಲೇ ಮಗಳ ಮನೆಯಲ್ಲಿದ್ದವರು. ಅವರ ಉರ್ದುವೂ ನಾನು ಪರೀಕ್ಷೆಗೆಂದು ಕಲಿತ ಹಿಂದಿಯೂ ಹೇಗೋ ಕೂಡಿಕೊಂಡವು. ಅಂಗಳದ ಬೆಂಚಿನಲ್ಲಿ ಕುಳಿತು ನನ್ನ 'ಹಾಲ್', ಎಂದರೆ ಕ್ಷೇಮಸಮಾಚಾರ, ಕೇಳಿದರು. ಚೆನ್ನಾಗಿದ್ದೇನೆ ಎಂದೆ. ಅವರು ಕಾದರು. ಮುಂದೇನೂ ಬಾರದಿದ್ದಾಗ ಅವರ ಮುಖ ಸಣ್ಣದಾಯಿತು.

ಅವರಲ್ಲಿ ಹಾಲ್ ಎಂದರೆ ಒಂದು ವಿಧಿ. ಬಂದವನು ಎಲ್ಲಿಂದ ಹೊರಟೆ, ದಾರಿಯಲ್ಲಿ ಏನು ಕಂಡೆ, ಮುಂದೆ ಎಲ್ಲಿಗೆ ಎಂಬುದನ್ನೆಲ್ಲ ಕ್ರಮವಾಗಿ ಹೇಳಬೇಕು. ಕೇಳುವವನು ನಡುವೆ ಬಾಯಿ ಹಾಕಬಾರದು. ಮುಚ್ಚಿಟ್ಟವನು ತಾನು ಹೊರಗಿನವನೆಂದು ಸಾರಿದಂತೆ.

ಕ್ರಮೇಣ ಸ್ನೇಹ ಬೆಳೆಯಿತು. ತಮ್ಮ ಪೂರ್ವಜರು ಸಿರಿಯಾದ ಹಲಬ್ ನಗರದಿಂದ ಹೊರಟು ಮರಳುಗಾಡು ದಾಟಿ ಬಂದರೆಂದು ಅವರ ಹಾಡುಗಳು ಹೇಳುತ್ತವಂತೆ. ಕುಲವನ್ನಾಳಿದ ಹದಿನಾಲ್ಕು ತಲೆಮಾರಿನ ಸರದಾರರ ಹೆಸರನ್ನು ಅವರು ಕಣ್ಣು ಮುಚ್ಚಿ ಹೇಳುವಾಗ, ನಂಜನಗೂಡಿನ ಕಪಿಲೆಯ ಮೆಟ್ಟಿಲ ಮೇಲೆ ಪ್ರವರ ಹೇಳಿ ನಮಸ್ಕರಿಸುತ್ತಿದ್ದ ನನ್ನ ತಂದೆಯೇ ಎದುರು ಕುಳಿತಂತಾಗುತ್ತಿತ್ತು. ಅಲ್ಲಿ ನದಿಯ ಮೇಲೆ ಏಳುತ್ತಿದ್ದ ಸೂರ್ಯನಿಗೆ ಇಲ್ಲಿ ಕಾರುಗಳ ಸಾಲಿನ ಮೇಲೆ ಏಳುವಾಗ ಅರ್ಘ್ಯ ಬಿಡುತ್ತಿದ್ದೆ.

ಆ ಚಳಿಗಾಲದಲ್ಲಿ ಊರಿನ ಸರದಾರರಾಗಿದ್ದ ಅವರ ಅಣ್ಣ ತೀರಿಕೊಂಡರು. ಒಂದು ತೊರೆಯ ನೀರಿಗಾಗಿ ಕುಲದ ಎರಡು ಶಾಖೆಗಳು ಜಗಳಕ್ಕೆ ನಿಂತಿದ್ದವು. ಸರದಾರನ ತೀರ್ಪಿಲ್ಲದಿದ್ದರೆ ಬಂದೂಕು ಏಳುವುದು ನಿಶ್ಚಯ. ಹಿರಿಯರೆಲ್ಲ ಒಂದೊಂದು ಸುತ್ತು ರುಮಾಲು ಸುತ್ತಿದ ಮೇಲೆಯೇ ಒಬ್ಬನು ಸರದಾರನಾಗುವುದು. ಅಣ್ಣನ ಒಬ್ಬನೇ ಮಗ ಶಾದಾದ್ ಅಮೆರಿಕದಲ್ಲೇ, ಡರ್ಹಮ್ಮಿನ ಔಷಧದ ಪ್ರಯೋಗಾಲಯದಲ್ಲಿದ್ದ. ಅವನು ಒಪ್ಪಿದರೆ ಮೊದಲ ಸುತ್ತು ಚಿಕ್ಕಪ್ಪನೇ ಸುತ್ತಿ ಕಳಿಸಲೆಂದು ಊರಿನಿಂದ ಬಿಳಿಯ ರುಮಾಲು ಬಂತು.

ಭಾನುವಾರ ಅವನು ಐದು ಗಂಟೆ ಕಾರು ಓಡಿಸಿ ಬಂದ. ಸಾಕ್ಷಿಗೊಬ್ಬ ಹಿರಿಯರಿರಲೆಂದು ಮೀರ್ ಸಾಹೇಬರು ನನ್ನನ್ನು ಕರೆಸಿದ್ದರು. ರುಮಾಲಿನ ಪೆಟ್ಟಿಗೆ ತೆರೆದೇ ಇತ್ತು.

"ಹಾಲ್ ಕೊಡು, ಮಗನೇ" ಎಂದರು.

"ಎಲ್ಲ ಫೈನ್, ಚಾಚಾ."

ನಾನು ಬೆಚ್ಚಿದೆ. ನಾನು ಆಡಿದ್ದ ಮಾತೇ ಅದು. ಮೀರ್ ಸಾಹೇಬರು ಕಾದರು. ಅವನು ಗಡಿಯಾರ ನೋಡಿ, ತಲೆ ತಗ್ಗಿಸಿದ. "ಚಾಚಾ, ನನಗೆ ಆ ಹೆಸರುಗಳೇ ಬರುವುದಿಲ್ಲ. ನಾನು ತೀರ್ಪು ಕೊಟ್ಟರೆ ಅಲ್ಲಿ ಯಾರು ಕೇಳ್ತಾರೆ?"

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಮೀರ್ ಸಾಹೇಬರು ನನ್ನತ್ತ ನೋಡಿದರು. ಇಷ್ಟು ವರ್ಷ ಶಾಸ್ತ್ರ ಪಾಠ ಹೇಳಿದ ನಾನು ಪೆಟ್ಟಿಗೆಯ ರುಮಾಲಿನತ್ತ ಕಣ್ಣು ಹೊರಳಿಸಿದೆ. ಅವರು ಮೆಲ್ಲನೆ ಪೆಟ್ಟಿಗೆ ಮುಚ್ಚಿದರು.

ಮರುವಾರ, ಮಗಳ ಕಣ್ಣೀರನ್ನೂ ಲೆಕ್ಕಿಸದೆ, ರುಮಾಲನ್ನು ಊರಿನ ಹಿರಿಯರಿಗೆ ಹಿಂತಿರುಗಿಸಲು ತಾವೇ ಹೊರಟರು. ಅವರಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಬೆಂಚಿನಲ್ಲಿ ಟ್ಯಾಕ್ಸಿ ಕಾಯುತ್ತ, "ಪಂಡಿತ್‌ಜೀ, ನಿಮ್ಮ ಹಾಲ್ ಬಾಕಿ ಇದೆ" ಎಂದರು.

ಕಪಿಲೆಯಿಂದ ತೊಡಗಿದೆ. ಪಾಠಶಾಲೆ, ಪತ್ನಿಯ ಚಿತೆ, ಬೀಗ ಹಾಕಿದ ಮನೆ, ವಿಮಾನ, ಮೊಣಕಾಲು: ಏನನ್ನೂ ಬಿಡದೆ ಹೇಳಿದೆ. ನಾನು ಇಲ್ಲೇ ನೆಲೆಸಲೆಂದು ಸುಧಾ ತುಂಬಿಸಿಟ್ಟ ಅರ್ಜಿ ನನ್ನ ಸಹಿಗಾಗಿ ಮೇಜಿನ ಮೇಲಿರುವುದನ್ನೂ ಹೇಳಿದೆ.

"ಇನ್ನು ಮುಂದೆ ಎಲ್ಲಿಗೆ?" ವಿಧಿಯಂತೆ ಅವರು ಕೇಳಿದರು.

ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಟ್ಯಾಕ್ಸಿ ಬಂದು ಎರಡು ಬಾರಿ ಹಾರ್ನ್ ಹೊಡೆಯುವವರೆಗೂ ಅವರು ನನ್ನ ಉತ್ತರಕ್ಕಾಗಿ ಕಾದರು.