ಗೇಣಿನಲ್ಲಿ ಅಳೆದ ದಪ್ಪ ಅಕ್ಷರ

ಗೆಳೆಯರೇ, ಇವತ್ತು ಗಜೇಂದ್ರಗಡದ ನಮ್ಮ ಫ್ಲೆಕ್ಸ್ ಅಂಗಡಿಯಲ್ಲಿ ಒಂದು ಮದುವೆ ಮುರಿಯುವುದು ಸ್ವಲ್ಪದರಲ್ಲಿ ತಪ್ಪಿತು.

ಮದುವೆಯ ಬ್ಯಾನರಿಗೆ ನನ್ನ ಮೆಚ್ಚಿನ ದಪ್ಪ ಅಕ್ಷರ ಹಾಕಿದ್ದೆ. ಅದರ ಹೊಟ್ಟೆ ದಪ್ಪ, ಸೇರುವ ಗೆರೆ ತೆಳು, ತುದಿಗಳಿಗೆ ಪುಟ್ಟ ಪಾದ. ರಸ್ತೆಯಾಚೆ ನಿಂತರೂ ಓದಬಹುದು. ವರ ಈರಣ್ಣ, ವಧು ಭಾಗ್ಯಲಕ್ಷ್ಮಿ. ರಾಜೂರಿನಿಂದ ಬಂದಿದ್ದ ವರನ ಸೋದರಮಾವ ಕಂಪ್ಯೂಟರಿನ ಪರದೆಯ ಮೇಲೆ ಕೈಯಿಟ್ಟು ಎರಡೂ ಹೆಸರನ್ನು ಅಳೆದು, ಪಕ್ಕದಲ್ಲಿದ್ದ ವಧುವಿನ ತಂದೆಯತ್ತ ತಿರುಗಿದರು.

“ನಮ್ಮ ಹುಡುಗಂದು ಅರ್ಧ ಗೇಣು, ನಿಮ್ಮ ಹುಡುಗೀದು ಪೂರಾ ಗೇಣು. ಇದನ್ನ ಮಂಟಪದ ಗೇಟಿಗೆ ಕಟ್ಟಿದ್ರ ನಾವು ಒಳಗ ಬರಂಗಿಲ್ಲ.”

ವಧುವಿನ ತಂದೆಯ ಮುಖ ಬಾಡಿತು. “ಹೆಸರ ಉದ್ದ ಐತ್ರಿ ಬೀಗ್ರ, ನಾವೇನ್ ಮಾಡೂನು?”

“ಏ ತಮ್ಮಾ, ಈರಣ್ಣನ್ನ ಜಗ್ಗು,” ಎಂದು ಮಾವ ನನಗೆ ಹೇಳಿದರು.

ಹೆಸರನ್ನು ಅಡ್ಡಕ್ಕೆ ಜಗ್ಗಿದೆ. ಅಕ್ಷರಗಳ ಹೊಟ್ಟೆ ಉಬ್ಬಿತು, ಪಾದಗಳು ಬಾತುಕೊಂಡವು.

“ಅಳಿಯಗ ಬಾವು ಬಂದಂಗ ಆತಲ್ರಿ!” ಎಂದರು ವಧುವಿನ ತಂದೆ.

ಮಾವ ಬಗ್ಗಿ ಬ್ಯಾನರಿನ ಕೆಳಗಿನ ಮೂಲೆ ನೋಡುತ್ತಿದ್ದರು. “ಶುಭ ಕೋರುವವರೊಳಗ ನನ್ನ ಹೆಸರು ಇಷ್ಟ ಸಣ್ಣ ಯಾಕೈತಿ?”

ಆಗ ನನಗೆ ತಿಳಿಯಿತು. ಈರಣ್ಣನನ್ನು ಮೊದಲಿನಂತೆ ಮಾಡಿ, ಮಾವನ ಹೆಸರನ್ನು ಅದೇ ದಪ್ಪ ಅಕ್ಷರದಲ್ಲಿ ದೊಡ್ಡದಾಗಿ ಹಾಕಿದೆ. ಅವರು ಅಳೆದರು. ಗೇಣು ಸಾಲಲಿಲ್ಲ.

“ಈಗ ಚಲೋ ಆತ ನೋಡು. ಲಗೂನ ಪ್ರಿಂಟ್ ತಗೀ.”

ನಾಳೆ ಗೇಟಿನ ಮುಂದೆ ನಿಂತಾಗ ಮದುಮಗ ಯಾರೆಂದು ಗೊಂದಲವಾದರೆ, ದಯವಿಟ್ಟು ಅಂಗಡಿಗೆ ಫೋನ್ ಮಾಡಬೇಡಿ.