ರಂಭಾಬೆನ್ ಇದ್ದ ದ್ವೀಪ

ಆ ದ್ವೀಪದಲ್ಲಿ ಯಾರೂ ವಾಸವಿಲ್ಲ ಎಂದು ನಾನು ಹೇಳಿದ್ದು ಸುಳ್ಳು, ರಂಭಾಬೆನ್. ಅದು ನಿಮಗೆ ಗೊತ್ತು. ಸುಳ್ಳೆಂದು ತಿಳಿದೇ ಹೇಳಿದೆ — ಇದನ್ನು ಮಾತ್ರ ಈವರೆಗೆ ಯಾರ ಮುಂದೆಯೂ ಆಡಿಲ್ಲ. ನೀವು ಓದಲಾರದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನ್ನ ಧೈರ್ಯ ಅಷ್ಟೇ.

ಆಗ ನಾನು ವಡೋದರಾದಲ್ಲಿ ಹಕ್ಕಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಧಾರವಾಡದ ಹುಡುಗಿ. ಸೂರತ್ ಬಳಿಯ ಹಜೀರಾದಾಚೆ, ನದಿ ಸಮುದ್ರ ಸೇರುವಲ್ಲಿದ್ದ ನಿಮ್ಮ ಪುಟ್ಟ ದ್ವೀಪಕ್ಕೆ ಎರಡು ಚಳಿಗಾಲ ಬಂದೆ. ನಿಮ್ಮ ಗುಡಿಸಲಲ್ಲೇ ಉಂಡೆ, ಮಲಗಿದೆ. ನಿಮ್ಮ ಮಾವ ತೋಡಿದ ಬಾವಿಯ ನೀರು ಕುಡಿದೆ. ಜ್ವರದಲ್ಲಿ ತೀರಿಕೊಂಡ ನಿಮ್ಮ ಪುಟ್ಟ ಮಗಳು ಹಂಸಾಳನ್ನು ಪೀಲು ಮರದ ಕೆಳಗೆ ಮಣ್ಣು ಮಾಡಿದ್ದಿರಿ. ಆ ಜಾಗವನ್ನು ನೀವೇ ತೋರಿಸಿದಿರಿ. ಅಲ್ಲಿ ನಾನು ಚಪ್ಪಲಿ ಬಿಟ್ಟು ನಿಂತಿದ್ದೆ.

ಹಡಗುಕಟ್ಟೆಗೆಂದು ಕಂಪನಿಯೊಂದು ದ್ವೀಪವನ್ನು ಕೇಳುತ್ತಿತ್ತು. ಪಕ್ಷಿಧಾಮವಾದರೆ ಮಾತ್ರ ಉಳಿಯುತ್ತಿತ್ತು. ಇದನ್ನು ತೀರ್ಮಾನಿಸಲು ಸೂರತ್‌ನಲ್ಲಿ ಕರೆದ ಸಭೆಗೆ ಮುಂಚೆ ನನ್ನ ಮಾರ್ಗದರ್ಶಕರು — ಮೈಸೂರಿನವರು, ಅಹಮದಾಬಾದಿನಲ್ಲಿ ನೆಲೆಸಿದವರು — ಮೆಟ್ಟಿಲ ಬಳಿ ಮೆಲ್ಲಗೆ ಹೇಳಿದರು: “ನೋಡಮ್ಮ, ಜನ ಇದ್ದಾರೆ ಅಂದ್ಬಿಟ್ರೆ ವರ್ಷಗಟ್ಲೆ ಎಳೀತಾರೆ. ಅಷ್ಟೊತ್ತಿಗೆ ಕಂಪನಿಯೋರು ನುಂಗ್ಬಿಡ್ತಾರೆ. ಪಕ್ಷಿಧಾಮ ಆದ್ರೆ ನಿನಗೂ ಅಲ್ಲೇ ಕೆಲಸ.”

ಹಕ್ಕಿಗಳಿಗಾಗಿಯೋ, ಕೆಲಸಕ್ಕಾಗಿಯೋ — ಇವತ್ತಿಗೂ ಬೇರ್ಪಡಿಸಲಾರೆ.

ಸಭೆಯಲ್ಲಿ ಅಧಿಕಾರಿ, ದ್ವೀಪದಲ್ಲಿ ಜನ ಇದ್ದಾರೆಯೇ ಎಂದು ನನ್ನನ್ನು ಕೇಳಿದರು. “ತ್ಯಾಂ ಕೋಯಿ ರಹೇತುಂ ನಥೀ,” ಎಂದೆ — ಅಲ್ಲಿ ಯಾರೂ ವಾಸವಿಲ್ಲ. ನೀವು ಕಲಿಸಿದ ಗುಜರಾತಿ. ಹಿಂದಿನ ಸಾಲಿನಲ್ಲಿದ್ದ ನೀವು ಎದ್ದು ನಿಂತಿರಿ. ಕೂಗಾಡಲಿಲ್ಲ.

“ಅನೇ ಮಾರೀ ಹಂಸಾ?” ಎಂದಿರಿ. ಹಾಗಾದರೆ ನನ್ನ ಹಂಸಾ?

ನಾನು ತಲೆ ತಗ್ಗಿಸಿದೆ. ಯಾರೋ ನಿಮ್ಮನ್ನು ಕೂರಿಸಿದರು.

ದ್ವೀಪ ಪಕ್ಷಿಧಾಮವಾಯಿತು. ಗುಡಿಸಲು ಕಿತ್ತರು, ಬಾವಿ ಮುಚ್ಚಿದರು. ನನಗೆ ಕೆಲಸ ಸಿಕ್ಕಿತು. ಪರವಾನಗಿ ಇಲ್ಲವೆಂದು ಕಾವಲಿನವರು ನಿಮ್ಮ ದೋಣಿಯನ್ನು ಹಿಂದಕ್ಕೆ ಕಳಿಸಿದಾಗ ನಾನು ದಡದಲ್ಲೇ ಇದ್ದೆ. ಬಿಡಿ ಎನ್ನಬಹುದಿತ್ತು. ಒಂದೇ ಒಂದು ಮಾತು —

ಕೆಲವು ವರ್ಷಗಳ ನಂತರ ಕ್ಷಮೆ ಕೇಳಲೆಂದು ಸೂರತ್‌ನಲ್ಲಿ ನಿಮ್ಮ ಬಾಡಿಗೆ ಕೋಣೆ ಹುಡುಕಿಕೊಂಡು ಬಂದೆ. ನೀವು ಸೀರೆಗೆ ಹರಳು ಅಂಟಿಸುತ್ತಿದ್ದಿರಿ. ಕೈ ನಿಲ್ಲಿಸದೆ ಕೇಳಿದಿರಿ: “ಹಕ್ಕಿಗಳಾದರೂ ಬರುತ್ತವೆಯೇ, ಬೇಟಾ?”

ಹಡಗುಕಟ್ಟೆ ಎದುರು ದಡದಲ್ಲೇ ಎದ್ದಿತ್ತು; ಅದರ ಹಡಗುಗಳ ಸದ್ದಿಗೆ, ಹೊಲಸಿಗೆ ಹಕ್ಕಿಗಳು ದ್ವೀಪ ಬಿಟ್ಟಾಗಿತ್ತು. ಪೀಲು ಮರವಿದ್ದ ದಂಡೆಯೂ ಸಮುದ್ರದ ಪಾಲಾಗಿತ್ತು.

“ಬರುತ್ತವೆ,” ಎಂದೆ.

ನೀವು ತಲೆಯಾಡಿಸಿದಿರಿ — ಅಷ್ಟಾದರೂ ಆಯಿತಲ್ಲ ಎಂಬಂತೆ. ನಾನು ಕ್ಷಮೆ ಕೇಳದೆಯೇ ಎದ್ದು ಬಂದೆ.